ಮೂರು ಪದರ, ಮೂರು ಪ್ರಶ್ನೆ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಪ್ರಾಣಿಗಳನ್ನು ವಿಂಗಡಿಸಲು ಕೊಡುವ ಅಳತೆಗೋಲುಗಳಲ್ಲಿ ಭ್ರೂಣಪದರಗಳ ಲೆಕ್ಕವೂ ಒಂದು. ಹೈಡ್ರಾ, ಜೆಲ್ಲಿ ಮೀನು, ಹವಳದ ಜೀವಿಗಳಿಗೆ ಎರಡು ಪದರ. ಚಪ್ಪಟೆ ಹುಳುವಿನಿಂದ ಮನುಷ್ಯನವರೆಗೆ ಉಳಿದವರಿಗೆ ಮೂರು. ಅದರ ಬೆನ್ನಿಗೇ ಇನ್ನೊಂದು ಪಟ್ಟಿ ಬರುತ್ತದೆ. ಎಕ್ಟೋಡರ್ಮ್ ಎಂಬ ಹೊರಪದರದಿಂದ ಚರ್ಮ, ಮಿದುಳು, ನರಗಳು. ಮೀಸೋಡರ್ಮ್ ಎಂಬ ನಡುಪದರದಿಂದ ಸ್ನಾಯು, ಮೂಳೆ, ರಕ್ತ. ಎಂಡೋಡರ್ಮ್ ಎಂಬ ಒಳಪದರದಿಂದ ಕರುಳಿನ ಒಳಗೋಡೆ, ಯಕೃತ್ತು, ಶ್ವಾಸಕೋಶ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಲು ಹೇಳಿ ಮಾಡಿಸಿದಂತಿದೆ.

ಈ ಪಟ್ಟಿ ಸುಳ್ಳಲ್ಲ. ಕೋಳಿಯ ಮಟ್ಟಿಗೆ, ಮನುಷ್ಯನ ಮಟ್ಟಿಗೆ ಬಹುಪಾಲು ನಿಜವೇ. ತೊಂದರೆ ಇರುವುದು ಅದನ್ನು ಕಲಿತವರ ಮನಸ್ಸಿನಲ್ಲಿ ಉಳಿದುಬಿಡುವ ನಂಬಿಕೆಯಲ್ಲಿ. ಜೀವಕೋಶ ಯಾವ ಪದರದಲ್ಲಿ ಹುಟ್ಟಿತೋ ಅದೇ ಅದರ ಹಣೆಬರಹ, ಎರಡು ಪ್ರಾಣಿಗಳ ಅಂಗಗಳು ಒಂದೇ ಪದರದಿಂದ ಬಂದಿದ್ದರೆ ಮಾತ್ರ ಅವು ನಂಟರು ಎಂಬ ನಂಬಿಕೆ ಅದು. 19ನೆಯ ಶತಮಾನದ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದಕ್ಕೆ ಕಟ್ಟುಬಿದ್ದಿದ್ದರು.

ನನ್ನ ವಾದ ಇಷ್ಟು. ಭ್ರೂಣಪದರದ ಮಾತಾಡುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಡುತ್ತಿರುತ್ತೇವೆ. ಈ ಕೋಶ ಭ್ರೂಣದಲ್ಲಿ ಎಲ್ಲಿದೆ ಎನ್ನುವುದು ಒಂದು, ಅದರ ನೆಲೆ. ಮುಂದೆ ಅದು ಏನಾಗುತ್ತದೆ ಎನ್ನುವುದು ಎರಡು, ಅದರ ಗತಿ. ಅದರೊಳಗೆ ಯಾವ ಜೀನ್‌ಗಳು ಎಚ್ಚರವಾಗಿವೆ ಎನ್ನುವುದು ಮೂರು. ಕೋಳಿಮರಿಯಲ್ಲಿ ಈ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ. ಹಾಗಾಗಿ ಮೂರೂ ಒಂದೇ ಪ್ರಶ್ನೆ ಎಂದು ನಂಬಿಬಿಟ್ಟೆವು. ಪ್ರಾಣಿಲೋಕದ ಉದ್ದಗಲ ಕಣ್ಣು ಹಾಯಿಸಿದರೆ ಈ ಮೂರೂ ಒಂದನ್ನೊಂದು ಬಿಟ್ಟು ನಡೆಯುವುದು ಕಾಣುತ್ತದೆ. ಹಾಗೆ ಬೇರೆಯಾಗುವ ಕಡೆಯಲ್ಲೇ ವಿಕಾಸದ ನಿಜವಾದ ಕತೆ ಇದೆ.

ಮೊದಲು ಕೋಳಿಮೊಟ್ಟೆಯಿಂದಲೇ ಶುರು ಮಾಡೋಣ, ಚರಿತ್ರೆಯೂ ಅಲ್ಲಿಂದಲೇ ಶುರುವಾಗಿದ್ದು. ಆಗತಾನೇ ಇಟ್ಟ ಫಲಿತ ಮೊಟ್ಟೆಯಲ್ಲಿ ಹಳದಿಯ ನೆತ್ತಿಯ ಮೇಲೆ ಕೆಲವೇ ಮಿಲಿಮೀಟರ್ ಅಗಲದ ಬಿಳಿಚಿದ ಬಿಲ್ಲೆಯೊಂದಿರುತ್ತದೆ. ಅದರಲ್ಲಿ ಒಂದರ ಕೆಳಗೊಂದು ಎರಡು ತೆಳು ಹಾಳೆಗಳು. ಸುಮಾರು 38 ಡಿಗ್ರಿ ಕಾವಿನಲ್ಲಿಟ್ಟರೆ ಮೊದಲ ದಿನ ಮುಗಿಯುವ ಮುನ್ನವೇ ಬಿಲ್ಲೆಯ ನಡುವೆ ಉದ್ದನೆಯ ಗೀರು ಮೂಡುತ್ತದೆ. ಮೇಲಿನ ಹಾಳೆಯ ಕೋಶಗಳು ಈ ಗೀರಿನತ್ತ ಸರಿದು ಅದರೊಳಗೆ ಇಳಿಯತೊಡಗುತ್ತವೆ. ಮೊದಲು ಇಳಿದವು ತಳ ಸೇರಿ, ಅಲ್ಲಿದ್ದ ಕೆಳಹಾಳೆಯನ್ನು ಅಂಚಿಗೆ ತಳ್ಳಿ ಒಳಪದರವಾಗುತ್ತವೆ. ಆಮೇಲೆ ಇಳಿದವು ನಡುವಿನ ಎಡೆಯಲ್ಲಿ ಹರಡಿಕೊಂಡು ನಡುಪದರವಾಗುತ್ತವೆ. ಇಳಿಯದೆ ಮೇಲುಳಿದವು ಹೊರಪದರ. ಎರಡನೆಯ ದಿನ ಹೃದಯ ಮಿಡಿಯತೊಡಗುತ್ತದೆ, 21ನೆಯ ದಿನ ಮರಿ ಚಿಪ್ಪು ಒಡೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮೂರು ಪದರಗಳೂ ಬಂದದ್ದು ಮೇಲಿನ ಒಂದೇ ಹಾಳೆಯಿಂದ. ಮೊದಲಿನಿಂದ ಕೆಳಗೇ ಇದ್ದ ಹಾಳೆ ಮರಿಯ ಮೈಗೆ ಸೇರುವುದೇ ಇಲ್ಲ, ಹೊರಗಿನ ಪೊರೆಗಳ ಪಾಲಾಗುತ್ತದೆ. ಅಂದರೆ ಕೋಳಿಯಲ್ಲೂ ಪದರ ಎನ್ನುವುದು ಮೂಲದಲ್ಲೇ ಇದ್ದ ಭೇದವಲ್ಲ. ಚಲನೆಯಿಂದ, ನೆಲೆಯ ಬದಲಾವಣೆಯಿಂದ ಹುಟ್ಟಿದ ಭೇದ.

ಈ ಹಾಳೆಗಳನ್ನು ಮೊದಲು ಸ್ಪಷ್ಟವಾಗಿ ಕಂಡವನು ರೀಗಾ ಊರಿನ ಕ್ರಿಶ್ಚಿಯನ್ ಪಾಂಡರ್. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಸಾವಿರಾರು ಮೊಟ್ಟೆಗಳನ್ನು ಒಡೆದು ನೋಡಿ 1817ರಲ್ಲಿ ತನ್ನ ಪ್ರಬಂಧ ಒಪ್ಪಿಸಿದಾಗ ಅವನಿಗೆ ಇಪ್ಪತ್ತಮೂರರ ಆಸುಪಾಸು. ಮೂರು ಪದರಗಳನ್ನು ಗುರುತಿಸಿದ್ದಷ್ಟೇ ಅಲ್ಲ, ಯಾವ ಪದರವೂ ತನ್ನಷ್ಟಕ್ಕೆ ತಾನು ಏನೂ ಆಗಲಾರದು, ಉಳಿದೆರಡರ ನೆರವು ಅದಕ್ಕೆ ಬೇಕು ಎಂದೂ ಅವನು ಬರೆದ. ಮೊದಲ ವರದಿಯಲ್ಲೇ ಇದ್ದ ಈ ಎಚ್ಚರದ ಮಾತು ಮುಂದೆ ಒಂದು ಶತಮಾನ ಕಾಲ ಮರೆತುಹೋಯಿತು. ಪಾಂಡರನ ಗೆಳೆಯ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ 1828ರ ಹೊತ್ತಿಗೆ ಪದರಗಳ ಮಾತನ್ನು ಎಲ್ಲ ಕಶೇರುಕಗಳಿಗೂ ವಿಸ್ತರಿಸಿದ. 1850ರ ದಶಕದಲ್ಲಿ ಬರ್ಲಿನ್ನಿನ ರಾಬರ್ಟ್ ರೇಮಾಕ್ ಈ ಪದರಗಳು ಜೀವಕೋಶಗಳಿಂದಾದವು ಎಂದು ತೋರಿಸಿ, ಇಂದಿನ ಪಠ್ಯಪುಸ್ತಕದ ಪಟ್ಟಿಗೆ ತೀರ ಹತ್ತಿರದ ಪಟ್ಟಿಯನ್ನು ತಯಾರಿಸಿದ.

ಅಲ್ಲಿಯವರೆಗೆ ಇದು ಬೆನ್ನುಮೂಳೆ ಇರುವ ಪ್ರಾಣಿಗಳ ಭ್ರೂಣದ ವರ್ಣನೆ ಮಾತ್ರ. ಅದನ್ನು ಇಡೀ ಪ್ರಾಣಿಲೋಕಕ್ಕೆ ದಾಟಿಸಿದ ಮೊದಲ ಹೆಜ್ಜೆ ಬಂದದ್ದು ಕಡಲಿನಿಂದ. ರಾಟಲ್‌ಸ್ನೇಕ್ ಎಂಬ ಬ್ರಿಟಿಷ್ ಹಡಗಿನಲ್ಲಿ ಸಹಾಯಕ ವೈದ್ಯನಾಗಿದ್ದ ತರುಣ ಥಾಮಸ್ ಹಕ್ಸ್‌ಲಿ ಜೆಲ್ಲಿ ಮೀನುಗಳನ್ನು ಸೀಳಿ ನೋಡುತ್ತಿದ್ದ. ಅವುಗಳ ಮೈಯೆಲ್ಲ ಎರಡು ಪೊರೆಗಳಿಂದಾದದ್ದು, ಆ ಪೊರೆಗಳು ಕಶೇರುಕ ಭ್ರೂಣದ ಹೊರ ಮತ್ತು ಒಳ ಪದರಗಳನ್ನು ಹೋಲುತ್ತವೆ ಎಂದು 1849ರ ಪ್ರಬಂಧದಲ್ಲಿ ಅವನು ಬರೆದ. ಬಲಿತ ಜೆಲ್ಲಿ ಮೀನಿನ ಮೈಯನ್ನು ಕೋಳಿಮರಿಯ ಭ್ರೂಣದ ಪಕ್ಕದಲ್ಲಿಟ್ಟು ನೋಡುವ ಧೈರ್ಯ ಅದು. 1860ರ ದಶಕದಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಆಂಫಿಯಾಕ್ಸಸ್, ಅಸಿಡಿಯನ್ ಎಂಬ ಕಡಲಜೀವಿಗಳ ಭ್ರೂಣಗಳಲ್ಲೂ, ಮುಂದೆ ಹುಳು ಮತ್ತು ಕೀಟಗಳಲ್ಲೂ ಪದರಗಳನ್ನು ತೋರಿಸಿದ. ಇವೆಲ್ಲವನ್ನೂ ಒಟ್ಟು ಮಾಡಿ ಸಿದ್ಧಾಂತ ಕಟ್ಟಿದವನು ಅರ್ನ್‌ಸ್ಟ್ ಹೆಕೆಲ್. ಎಲ್ಲ ಬಹುಕೋಶ ಪ್ರಾಣಿಗಳಿಗೂ ಎರಡು ಪದರದ ಚೀಲದಂಥ ಮೂಲಪುರುಷನೊಬ್ಬನಿದ್ದ, ಅವನನ್ನು ಗ್ಯಾಸ್ಟ್ರಿಯಾ ಎನ್ನೋಣ, ಪ್ರತಿಯೊಂದು ಭ್ರೂಣವೂ ಆ ಘಟ್ಟವನ್ನು ಹಾದುಬರುತ್ತದೆ ಎಂದು 1872 ಮತ್ತು 1874ರಲ್ಲಿ ಅವನು ಸಾರಿದ. ಇದರ ತಾರ್ಕಿಕ ಕೊನೆ ಏನು? ಸ್ಪಂಜಿನ ಒಳಪದರವೂ ನಮ್ಮ ಕರುಳಿನ ಒಳಪದರವೂ ಒಂದೇ ಆಸ್ತಿಯ ವಾರಸುದಾರರು. ಪದರ ಒಂದಾದರೆ ಅಂಗ ನಂಟ, ಪದರ ಬೇರೆಯಾದರೆ ಅಂಗ ಪರಕೀಯ.

ವರ್ಣನೆ ಹೀಗೆ ಕಟ್ಟಳೆಯಾಯಿತು. ಕಟ್ಟಳೆಯನ್ನು ಮುರಿಯುವ ಸಾಕ್ಷ್ಯ ಬಂದಾಗ ಸಾಕ್ಷ್ಯ ತಂದವರ ಮೇಲೆಯೇ ಅನುಮಾನ ಹುಟ್ಟಿತು. ಜೂಲಿಯಾ ಪ್ಲಾಟ್ ಎಂಬ ಅಮೆರಿಕದ ವಿಜ್ಞಾನಿ 1893ರಲ್ಲಿ ನೆಕ್ಟುರಸ್ ಎಂಬ ಸಾಲಮಾಂಡರ್‌ನ ಭ್ರೂಣಗಳನ್ನು ಪರೀಕ್ಷಿಸಿ, ತಲೆಯ ಕೆಲವು ಮೃದ್ವಸ್ಥಿಗಳು ಬರುವುದು ನಡುಪದರದಿಂದಲ್ಲ, ಹೊರಪದರದಿಂದ ಎಂದು ಬರೆದರು. ಅಸ್ಥಿಪಂಜರ ನಡುಪದರದ ಸ್ವತ್ತು ಎಂದು ಒಪ್ಪಿಕೊಂಡಿದ್ದ ಕಾಲ ಅದು. ಹಲವರು ಇದನ್ನು ನೋಟದ ದೋಷ ಎಂದು ತಳ್ಳಿಹಾಕಿದರು. ಪ್ಲಾಟ್ ಜರ್ಮನಿಯ ಫ್ರೈಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದರೂ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗದೆ ಸಂಶೋಧನೆಯನ್ನೇ ಬಿಟ್ಟರು. 1931ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಪಟ್ಟಣದ ಮೇಯರ್ ಆದರು. ಅವರು ಹೇಳಿದ್ದು ನಿಜವೆಂದು ಸಾಮಾನ್ಯವಾಗಿ ಒಪ್ಪಿಗೆಯಾಗುವಾಗ 20ನೆಯ ಶತಮಾನದ ನಡುಭಾಗ ಬಂದಿತ್ತು.

ಪ್ಲಾಟ್ ಕಂಡದ್ದು ಇಂದು ನ್ಯೂರಲ್ ಕ್ರೆಸ್ಟ್ ಎಂದು ಹೆಸರಾದ ಕೋಶಗಳನ್ನು. ಬೆನ್ನುಹುರಿಯಾಗಬೇಕಾದ ಹೊರಪದರದ ಪಟ್ಟಿ ಮಡಚಿ ಕೊಳವೆಯಾಗುವಾಗ ಅದರ ಅಂಚಿನಿಂದ ಕಳಚಿಕೊಂಡು ಮೈಯೆಲ್ಲ ಅಲೆಯುವ ಕೋಶಗಳಿವು. ಇವುಗಳ ಜಾಡು ಹಿಡಿಯಲು ಒಂದು ಸೊಗಸಾದ ಉಪಾಯ ಸಿಕ್ಕಿದ್ದು 1969ರಲ್ಲಿ, ಫ್ರಾನ್ಸಿನ ನಿಕೋಲ್ ಲೆ ದುವಾರಾಂ ಅವರಿಗೆ. ಜಪಾನಿ ಲಾವಕ್ಕಿಯ ಕೋಶಕೇಂದ್ರದಲ್ಲಿ ಬಣ್ಣ ಹಿಡಿಯುವ ಗಾಢವಾದ ಗಂಟು ಇರುತ್ತದೆ, ಕೋಳಿಯ ಕೋಶಕೇಂದ್ರದಲ್ಲಿ ಅದು ಇರುವುದಿಲ್ಲ. ಲಾವಕ್ಕಿ ಭ್ರೂಣದಿಂದ ನರನಾಳದ ಚೂರು ತೆಗೆದು ಅದೇ ವಯಸ್ಸಿನ ಕೋಳಿ ಭ್ರೂಣದ ಅದೇ ಜಾಗಕ್ಕೆ ಕೂಡಿಸಿ, ಕೆಲವು ದಿನ ಬಿಟ್ಟು ಕೊಯ್ದು ನೋಡಿದರೆ ಯಾವ ಕೋಶ ಎಲ್ಲಿಂದ ಬಂದದ್ದು ಎನ್ನುವುದು ಸೂಕ್ಷ್ಮದರ್ಶಕದ ಕೆಳಗೆ ಗಂಟುಗಳಿಂದಲೇ ಗೊತ್ತಾಗುತ್ತದೆ. ಮುಖದ ಮೂಳೆಗಳಲ್ಲಿ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ, ಕರುಳಿನ ಗೋಡೆಯ ನರಕೋಶಗಳಲ್ಲಿ, ಅಡ್ರಿನಲ್ ಗ್ರಂಥಿಯ ತಿರುಳಿನಲ್ಲಿ, ಎಲ್ಲೆಲ್ಲೂ ಲಾವಕ್ಕಿಯ ಗುರುತು ಕಂಡಿತು.

ತಲೆಬುರುಡೆಯ ಚಾವಣಿಯನ್ನೇ ನೋಡಿ. ಹಣೆಯ ಮೂಳೆ ಮತ್ತು ಅದರ ಹಿಂದೆ ನೆತ್ತಿಯನ್ನು ಮುಚ್ಚುವ ಮೂಳೆ ಅಕ್ಕಪಕ್ಕ ಕೂಡಿಕೊಂಡಿವೆ. ಮುಟ್ಟಿದರೆ ವ್ಯತ್ಯಾಸ ಗೊತ್ತಾಗದು, ಸೂಕ್ಷ್ಮದರ್ಶಕದಲ್ಲೂ ಮೂಳೆ ಮೂಳೆಯೇ. ಆದರೆ ಇಲಿಯ ಮೇಲೆ ನಡೆದ ಪ್ರಯೋಗಗಳು ತೋರಿಸಿದಂತೆ ಹಣೆಯ ಮೂಳೆ ನ್ಯೂರಲ್ ಕ್ರೆಸ್ಟ್‌ನಿಂದ, ಅಂದರೆ ಮೂಲತಃ ಹೊರಪದರದಿಂದ ಬಂದದ್ದು. ನೆತ್ತಿಯ ಮೂಳೆ ನಡುಪದರದಿಂದ ಬಂದದ್ದು. ಪದರವೇ ಹಣೆಬರಹ ಎನ್ನುವ ಮಾತಿಗೆ ಹಣೆಯ ಮೂಳೆಯೇ ಸಾಕ್ಷಿ ಹೇಳಲು ಒಪ್ಪುವುದಿಲ್ಲ.

ಇದನ್ನು ಕಂಡು ಕೆನಡಾದ ಬ್ರಯನ್ ಹಾಲ್ ಅವರು ನ್ಯೂರಲ್ ಕ್ರೆಸ್ಟ್ ಅನ್ನು ನಾಲ್ಕನೆಯ ಭ್ರೂಣಪದರ ಎಂದೇ ಎಣಿಸಬೇಕು, ಕಶೇರುಕಗಳು ನಾಲ್ಕು ಪದರದ ಪ್ರಾಣಿಗಳು ಎಂದು ವಾದಿಸಿದರು. ಈ ಕೋಶಗಳ ಮಹತ್ವವನ್ನು ಎತ್ತಿ ತೋರಿಸಿದ್ದಕ್ಕೆ ಆ ವಾದಕ್ಕೆ ಬೆಲೆಯಿದೆ. ಆದರೆ ಮೂರಕ್ಕೆ ಒಂದು ಕೂಡಿಸಿ ನಾಲ್ಕು ಮಾಡಿದರೆ ಕಾಯಿಲೆ ವಾಸಿಯಾಗದು. ಎಣಿಕೆ ತಪ್ಪಿದ್ದರಿಂದ ಹುಟ್ಟಿದ ಸಮಸ್ಯೆಯಲ್ಲ ಇದು. ಪದರದಿಂದ ಗತಿ ತೀರ್ಮಾನವಾಗುತ್ತದೆ ಎಂಬ ಊಹೆಯಿಂದ ಹುಟ್ಟಿದ್ದು. ಊಹೆಯನ್ನು ಹಾಗೇ ಬಿಟ್ಟು ಎಣಿಕೆಯನ್ನು ಮಾತ್ರ ತಿದ್ದಿದರೆ ನಾಳೆ ಐದನೆಯದಕ್ಕೂ ಅರ್ಜಿ ಬರುತ್ತದೆ.

ಊಹೆಯನ್ನು ನೇರವಾಗಿ ಕೆಣಕುವ ಸಾಕ್ಷ್ಯ ಕಡಲಿನ ಬಂಡೆಗಳಿಗೆ ಅಂಟಿಕೊಂಡು ಬದುಕುವ ಬೊಟ್ರಿಲಸ್ ಎಂಬ ಅಸಿಡಿಯನ್‌ನಲ್ಲಿದೆ. ಹೂವಿನ ಎಸಳಿನಂತೆ ಗುಂಪುಗೂಡಿ ಬಾಳುವ ಈ ಪುಟ್ಟ ಜೀವಿ ಕಶೇರುಕಗಳ ದೂರದ ದಾಯಾದಿ. ಇದಕ್ಕೆ ಹುಟ್ಟಲು ಎರಡು ದಾರಿ. ಒಂದು ಮೊಟ್ಟೆಯಿಂದ: ಪದರಗಳು ಮೂಡಿ, ಒಳಪದರದಿಂದ ಕರುಳಾಗುತ್ತದೆ. ಇನ್ನೊಂದು ಮೊಗ್ಗಿನಿಂದ: ತಾಯಿಯ ಮೈಗೋಡೆಯ ಒಂದು ಚೂರು ಉಬ್ಬಿ ಹೊಸ ಜೀವಿಯಾಗುತ್ತದೆ. ಆ ಮೊಗ್ಗಿನ ಒಳಚೀಲ ಬರುವುದು ಮೂಲತಃ ಹೊರಪದರದಿಂದ ಹುಟ್ಟಿದ ಪೊರೆಯಿಂದ. ಆ ಚೀಲವೇ ಮಡಚಿ, ಸೀಳಿ ಕರುಳನ್ನೂ ನರಗ್ರಂಥಿಯನ್ನೂ ಮಾಡುತ್ತದೆ. ಎರಡೂ ದಾರಿಯಲ್ಲಿ ಬರುವ ಜೀವಿ ಒಂದೇ, ಕರುಳೂ ಒಂದೇ, ಒಂದೇ ವಸಾಹತಿನಲ್ಲಿ ಮಗ್ಗುಲಲ್ಲೇ ಇರುತ್ತವೆ. ಒಂದರ ಕರುಳು ಒಳಪದರದ್ದು, ಇನ್ನೊಂದರ ಕರುಳು ಹೊರಪದರದ್ದು. ಇವೆರಡೂ ಒಂದೇ ಅಂಗವಲ್ಲ ಎಂದು ಯಾರು ಹೇಳುತ್ತಾರೆ? ಮೊಗ್ಗುಗಳ ಇಂಥ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಎಡ್ಮಂಡ್ ವಿಲ್ಸನ್ 1894ರಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲ ಪ್ರಯೋಗಾಲಯದ ಉಪನ್ಯಾಸದಲ್ಲಿ, ಅಂಗಗಳ ನಂಟನ್ನು ತೀರ್ಮಾನಿಸಲು ಭ್ರೂಣದ ಮೂಲ ಕೊನೆಯ ಪ್ರಮಾಣವಾಗಲಾರದು ಎಂದು ಎಚ್ಚರಿಸಿದ್ದ. 130 ವರ್ಷ ಕಳೆದರೂ ಆ ಮಾತು ನಮ್ಮ ತರಗತಿಗಳನ್ನು ಮುಟ್ಟಿಲ್ಲ.

ಕೋಶಗಳನ್ನು ಒಂದೊಂದಾಗಿ ಎಣಿಸಿದರೆ ಚಿತ್ರ ಇನ್ನೂ ಚುರುಕಾಗುತ್ತದೆ. ಅಂಥ ಎಣಿಕೆಗೆ ಒದಗುವ ಪ್ರಾಣಿ ಸೀನೋರ್‌ಹ್ಯಾಬ್ಡೈಟಿಸ್ ಎಲೆಗಾನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ದುಂಡುಹುಳು. ಬಲಿತ ದ್ವಿಲಿಂಗಿ ಹುಳುವಿನ ಮೈಯಲ್ಲಿ 959 ದೇಹಕೋಶಗಳು. ಜಾನ್ ಸಲ್‌ಸ್ಟನ್ ಮತ್ತು ಸಂಗಡಿಗರು ಒಂದು ಮೊಟ್ಟೆಯಿಂದ ಇವೆಲ್ಲ ಹೇಗೆ ಕವಲೊಡೆದು ಬರುತ್ತವೆ ಎನ್ನುವ ಪೂರ್ತಿ ವಂಶಾವಳಿಯನ್ನು 1983ರಲ್ಲಿ ಪ್ರಕಟಿಸಿದರು. ಅದರಲ್ಲಿ ಕರುಳಿನ ಕತೆ ಪಠ್ಯಪುಸ್ತಕದಷ್ಟೇ ಅಚ್ಚುಕಟ್ಟು: ಇ ಎಂಬ ಒಂದೇ ಕೋಶದಿಂದ ಕರುಳಿನ 20 ಕೋಶಗಳೂ ಬರುತ್ತವೆ, ಬೇರೇನೂ ಬರುವುದಿಲ್ಲ. ಸ್ನಾಯುವಿನ ಕತೆ ಹಾಗಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಹುಳುವಿನ ಮೈಗೋಡೆಯಲ್ಲಿ 81 ಸ್ನಾಯುಕೋಶಗಳು. 80 ನಿರೀಕ್ಷಿತ ಕವಲುಗಳಿಂದಲೇ ಬರುತ್ತವೆ. ಒಂದು ಮಾತ್ರ ಚರ್ಮವನ್ನೂ ನರಗಳನ್ನೂ ಕೊಡುವ ಎಬಿ ಎಂಬ ಕವಲಿನಿಂದ ಬರುತ್ತದೆ. ಅದು ಅರೆಬರೆ ಸ್ನಾಯುವಲ್ಲ, ಉಳಿದ 80ರ ಜೊತೆ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತದೆ. ಸಲ್‌ಸ್ಟನ್‌ಗೆ 2002ರಲ್ಲಿ ನೊಬೆಲ್ ಬಂತು. ಅವರು ಬರೆದ ವಂಶಾವಳಿ ಪದರ ಸಿದ್ಧಾಂತವನ್ನು ಒಂದೇ ಹಾಳೆಯಲ್ಲಿ ಎತ್ತಿಯೂ ಹಿಡಿಯುತ್ತದೆ, ತಿದ್ದಿಯೂ ಬಿಡುತ್ತದೆ.

ಉತ್ತರ ಕರ್ನಾಟಕದ ಅಡ್ಡಹೆಸರುಗಳು ಇಲ್ಲಿ ನೆನಪಾಗುತ್ತವೆ. ಕೆಲವು ಊರನ್ನು ಹೇಳುತ್ತವೆ, ಕೆಲವು ಮನೆತನವನ್ನು, ಬಡಿಗೇರ, ಪತ್ತಾರದಂಥವು ಕಸುಬನ್ನು. ಬಡಿಗೇರ ಎಂಬ ಅಡ್ಡಹೆಸರಿನವರು ಇಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿರಬಹುದು. ಹೆಸರು ಸುಳ್ಳಾಗಲಿಲ್ಲ, ನಾವು ಕೇಳಿದ ಪ್ರಶ್ನೆಗೆ ಉತ್ತರವಾಗಲಿಲ್ಲ ಅಷ್ಟೇ. ಪದರದ ಹೆಸರೂ ಹೀಗೆ ಕೆಲವೊಮ್ಮೆ ನೆಲೆ, ಕೆಲವೊಮ್ಮೆ ಗತಿ, ಕೆಲವೊಮ್ಮೆ ಜೀನ್‌ಗಳ ನಡೆಯನ್ನು ಹೇಳುತ್ತದೆ.

ಜೀನ್‌ಗಳ ಪ್ರಶ್ನೆ ಎತ್ತಿದೊಡನೆ ಎರಡು ಪದರದ ಪ್ರಾಣಿಗಳ ಲೆಕ್ಕವೇ ಅಲುಗಾಡುತ್ತದೆ. ನೆಮಟೊಸ್ಟೆಲ್ಲ ಎಂಬುದು ಉಪ್ಪುನೀರಿನ ಜೌಗಿನ ಕೆಸರಿನಲ್ಲಿ ಬಾಳುವ, ಕೆಲವೇ ಸೆಂಟಿಮೀಟರ್ ಉದ್ದದ ಸೀ ಅನಿಮೋನ್. ಪಠ್ಯದ ಪ್ರಕಾರ ಇದಕ್ಕೆ ನಡುಪದರವಿಲ್ಲ. ಆದರೆ ನಮ್ಮಲ್ಲಿ ನಡುಪದರವನ್ನು ರೂಪಿಸುವ ಜೀನ್‌ಗಳಲ್ಲಿ ಹಲವು ಇದರ ಭ್ರೂಣದಲ್ಲೂ ಎಚ್ಚರವಾಗಿವೆ ಎಂದು 2004ರಲ್ಲೇ ಗೊತ್ತಾಯಿತು. 2017ರಲ್ಲಿ ವಿಯೆನ್ನಾದ ಉಲ್ರಿಕ್ ಟೆಕ್‌ನಾವ್ ಅವರ ತಂಡ ಇನ್ನೂ ಮುಂದೆ ಹೋಯಿತು. ಆಹಾರ ಅರಗಿಸುವ ಕಿಣ್ವಗಳನ್ನೂ ಇನ್ಸುಲಿನ್ ಬಗೆಯ ವಸ್ತುವನ್ನೂ ಮಾಡುವ ಕೋಶಗಳು ಅನಿಮೋನಿನ ಒಳಪದರದಲ್ಲಿಲ್ಲ. ಅವು ಇರುವುದು ಅದರ ಗಂಟಲಿನ ಗೋಡೆಯಲ್ಲಿ, ಆ ಗೋಡೆಯಿಂದ ಇಳಿಬಿದ್ದ ಎಳೆಗಳಲ್ಲಿ. ಅವುಗಳ ಮೂಲ ಹೊರಪದರ. ಒಳಪದರ ಎಂದು ಕರೆಯುತ್ತಿದ್ದುದೋ ಸ್ನಾಯುವನ್ನೂ ಅಂಡಾಶಯ, ವೃಷಣಗಳನ್ನೂ ಕೊಡುತ್ತದೆ, ನಡುಪದರದ ಜೀನ್‌ಗಳನ್ನು ನಡೆಸುತ್ತದೆ. ಹಾಗಾದರೆ ಅನಿಮೋನಿನ ಗಂಟಲಿನ ಹೊರಪದರವೇ ನಮ್ಮ ಒಳಪದರಕ್ಕೆ ಸಾಟಿ, ಅದರ ಒಳಪದರ ನಮ್ಮ ನಡುಪದರಕ್ಕೆ ಸಾಟಿ ಎನ್ನುವುದು ಈ ತಂಡದ ವಾದ. ಹಕ್ಸ್‌ಲಿ ಹೊರಗಿನ ಪೊರೆಯನ್ನು ಹೊರಪದರಕ್ಕೆ, ಒಳಗಿನದನ್ನು ಒಳಪದರಕ್ಕೆ ಹೊಂದಿಸಿದ್ದು ನೆಲೆಯನ್ನು ನೋಡಿ. ಜೀನ್‌ಗಳನ್ನು ನೋಡಿದರೆ ಆ ಜೋಡಣೆಯೇ ತಲೆಕೆಳಗಾಗುತ್ತದೆ.

ಇನ್ಸುಲಿನ್ ಹೆಜ್ಜೆ ಹಿಡಿದು ಇನ್ನೊಂದು ಕಡೆ ನೋಡಿ. ನಮ್ಮ ಇನ್ಸುಲಿನ್ ಬರುವುದು ಮೇದೋಜೀರಕ ಗ್ರಂಥಿಯಿಂದ, ಅದು ಒಳಪದರದ ಕೂಸು. ಹಣ್ಣುನೊಣದಲ್ಲಿ ಅದೇ ಬಗೆಯ ಹಾರ್ಮೋನನ್ನು ಸ್ರವಿಸಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಮುಖ್ಯ ಕೋಶಗಳು ಮಿದುಳಿನಲ್ಲಿವೆ, ಹೊರಪದರದ ಕೂಸುಗಳು. ಕೆಲಸ ಒಂದೇ, ಅಣುವಿನ ಮನೆತನ ಒಂದೇ, ಪದರ ಮಾತ್ರ ಬೇರೆ.

ಪ್ರಾಣಿವೃಕ್ಷದ ಬುಡದ ಕವಲುಗಳಲ್ಲಿ ಇನ್ನಷ್ಟು ಪೇಚಿದೆ. ಬಾಚಣಿಗೆ ಜೆಲ್ಲಿ ಎಂಬ ಹಳೆಯ ಕವಲಿನ ಪ್ರಾಣಿಗಳಿಗೆ ಎರಡು ಪದರಗಳ ನಡುವೆ ಒಳ್ಳೆಯ ಸ್ನಾಯುಗಳಿವೆ. ಆದರೆ 2013ರಲ್ಲಿ ಅವುಗಳಲ್ಲೊಂದರ ಪೂರ್ತಿ ಡಿಎನ್‌ಎ ಓದಿದಾಗ ನಮ್ಮಲ್ಲಿ ನಡುಪದರಕ್ಕೆ ಬೇಕಾದ ಜೀನ್‌ಗಳಲ್ಲಿ ಹಲವು ಅಲ್ಲಿ ಕಾಣಲೇ ಇಲ್ಲ. ಅನಿಮೋನಿಗೆ ಜೀನ್‌ಗಳುಂಟು, ಪದರವಿಲ್ಲ. ಬಾಚಣಿಗೆ ಜೆಲ್ಲಿಗೆ ಸ್ನಾಯುವುಂಟು, ಜೀನ್‌ಗಳಿಲ್ಲ. ಸ್ಪಂಜಿನ ಮಾತಂತೂ ಬೇರೆಯೇ. ಆಸ್ಟ್ರೇಲಿಯಾದ ಕಡಲಿನ ಆಂಫಿಮೀಡಾನ್ ಎಂಬ ಸ್ಪಂಜಿನ ಲಾರ್ವಾಕ್ಕೆ ಒಳಗೊಂದು ಹೊರಗೊಂದು ಪದರ ಇರುವುದು ನಿಜ. ಕೋಶಗಳಿಗೆ ಗುರುತು ಹಚ್ಚಿ 2014ರಲ್ಲಿ ನೋಡಿದಾಗ, ಲಾರ್ವಾ ತಳಕ್ಕೆ ಅಂಟಿ ಮೈ ಬದಲಿಸುವ ಹೊತ್ತಿಗೆ ಹೊರಗಿನ ಕೋಶಗಳು ಒಳಗೂ ಹೋಗಿ ಬೇರೆ ಬೇರೆ ಬಗೆಯ ಕೋಶಗಳಾಗುವುದು ಕಂಡಿತು. ಯಾವ ಪದರಕ್ಕೂ ಇಂಥದ್ದೇ ಗತಿ ಎಂಬ ಕಟ್ಟಿಲ್ಲ. ಅಲ್ಲಿ ನೆಲೆ ಇದೆ, ಗತಿಯ ಕಟ್ಟಳೆ ಇಲ್ಲ. ಹೆಕೆಲ್ ತನ್ನ ಮೂಲಪುರುಷನನ್ನು ಕಟ್ಟಿದ್ದು ಸುಣ್ಣದ ಸ್ಪಂಜುಗಳ ಮೇಲಿನ ಗ್ರಂಥದಲ್ಲಿ ಎನ್ನುವುದು ಇಲ್ಲಿ ನೆನೆಯಬೇಕಾದ ಮಾತು.

ಹಾಗಾದರೆ ಕಶೇರುಕಗಳಲ್ಲಾದರೂ ಪದರ ಗಟ್ಟಿಯೇ? 1923ರಲ್ಲಿ ಜರ್ಮನಿಯ ಆಟೊ ಮಾಂಗೋಲ್ಡ್ ನ್ಯೂಟ್ ಭ್ರೂಣದಲ್ಲಿ ಹೊರಪದರವಾಗಬೇಕಿದ್ದ ಚೂರನ್ನು ಒಳಗೆ ನಾಟಿ ಮಾಡಿ ನೋಡಿದ. ಸಮಯಕ್ಕೆ ಮುಂಚೆ ನಾಟಿದರೆ ಅದು ಹೊಸ ಜಾಗಕ್ಕೆ ತಕ್ಕಂತೆ ನಡುಪದರದ ಅಂಗಗಳೇ ಆಗುತ್ತಿತ್ತು. 1969ರಲ್ಲಿ ನೆದರ್‌ಲ್ಯಾಂಡ್ಸಿನ ಪೀಟರ್ ನ್ಯೂಕೂಪ್, ಮೆಕ್ಸಿಕೊದ ಆಕ್ಸಲಾಟಲ್ ಭ್ರೂಣದ ಮೇಲ್ತುದಿಯ ಕೋಶಗಳನ್ನೂ ತಳದ ಕೋಶಗಳನ್ನೂ ಬೇರೆ ಮಾಡಿ, ಮತ್ತೆ ಒಂದರ ಮೇಲೊಂದು ಕೂಡಿಸಿದರು. ಒಂಟಿಯಾಗಿ ಬಿಟ್ಟರೆ ಮೇಲ್ತುದಿ ಬರೀ ಚರ್ಮದಂಥ ಮುದ್ದೆಯಾಗುತ್ತಿತ್ತು. ತಳದ ಕೋಶಗಳ ಸಂಗದಲ್ಲಿ ಅದೇ ಚೂರಿನಿಂದ ನಡುಪದರ ಹುಟ್ಟಿತು. ಪಕ್ಕದ ಕೋಶಗಳು ಕಳಿಸುವ ಪ್ರೋಟೀನ್ ಸಂದೇಶಗಳೇ ಇದಕ್ಕೆ ಕಾರಣ ಎಂದು ಮುಂದಿನ ದಶಕಗಳಲ್ಲಿ ಸ್ಥಿರವಾಯಿತು. ಇಲಿಯಲ್ಲಿ ಟಿಬಿಎಕ್ಸ್6 ಎಂಬ ಒಂದೇ ಜೀನ್ ಕೆಟ್ಟರೆ, ಬೆನ್ನಿನ ಎರಡು ಬದಿಯಲ್ಲೂ ಸ್ನಾಯು, ಮೂಳೆಗಳಾಗಬೇಕಿದ್ದ ನಡುಪದರದ ಜಾಗದಲ್ಲಿ ನರನಾಳಗಳೇ ಬೆಳೆದು, ಒಂದರ ಬದಲು ಮೂರು ನರನಾಳಗಳ ಭ್ರೂಣ ಸಿಗುತ್ತದೆ ಎಂದು 1998ರಲ್ಲಿ ವರದಿಯಾಯಿತು. ಪದರಗಳ ನಡುವಿನ ಗೋಡೆ ಒಂದು ಜೀನ್‌ನಷ್ಟು ತೆಳ್ಳಗಿರಬಹುದು. ಪದರ ಕೋಶಕ್ಕೆ ಹುಟ್ಟಿನೊಂದಿಗೆ ಬಂದ ಗುಣವಲ್ಲ, ನೆರೆಹೊರೆಯ ಮಾತುಕತೆಯ ಫಲ. ಪಾಂಡರ್ 1817ರಲ್ಲಿ ಬರೆದದ್ದು ಸುಮಾರಾಗಿ ಇದೇ.

ಇಷ್ಟು ಓದಿದವರು ಒಂದು ಆಕ್ಷೇಪ ಎತ್ತುವುದು ಸಹಜ. ಇಷ್ಟೆಲ್ಲ ಅಪವಾದಗಳಿದ್ದರೆ ಪದರಗಳ ಮಾತನ್ನೇ ಕೈಬಿಡಬಾರದೇಕೆ? ಬಿಡಬಾರದು, ಕಾರಣಗಳಿವೆ. ಮೊದಲನೆಯದು, ಅಪವಾದಗಳು ಎದ್ದು ಕಾಣುವುದೇ ನಿಯಮ ಅಷ್ಟು ವ್ಯಾಪಕವಾಗಿರುವುದರಿಂದ. ಗಾಟಾ ಎಂಬ ಕುಟುಂಬದ ಜೀನ್‌ಗಳು ದುಂಡುಹುಳುವಿನಲ್ಲಿ, ಹಣ್ಣುನೊಣದಲ್ಲಿ, ಇಲಿಯಲ್ಲಿ ಮೂರೂ ಕಡೆ ಒಳಪದರವನ್ನು ರೂಪಿಸಲು ಬೇಕು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ದಾರಿ ಬೇರೆಯಾದ ಪ್ರಾಣಿಗಳು ಒಂದೇ ಬಗೆಯ ಜೀನ್‌ಗಳನ್ನು ಒಂದೇ ಕೆಲಸಕ್ಕೆ ಹಚ್ಚಿರುವುದು ಆಕಸ್ಮಿಕವಲ್ಲ. ಹಳೆಯ ನಂಟು ಇದೆ. ಅದು ಇರುವುದು ಪದರದ ಗೋಡೆಯಲ್ಲಲ್ಲ, ಜೀನ್‌ಗಳ ಜೋಡಣೆಯಲ್ಲಿ. ಆ ಜೋಡಣೆ ಕೆಲವೊಮ್ಮೆ ಜಾಗ ಬದಲಿಸುತ್ತದೆ, ಅನಿಮೋನಿನಲ್ಲಿ ಆದಂತೆ.

ಎರಡನೆಯದು ವೈದ್ಯಕೀಯದ್ದು. ಹುಟ್ಟಿದ ಒಂದೆರಡು ದಿನ ಕಳೆದರೂ ಮಲ ಹೋಗದೆ ಹೊಟ್ಟೆ ಉಬ್ಬರಿಸಿಕೊಂಡ ಕೂಸುಗಳಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರು ಹರ್ಷ್‌ಸ್ಪ್ರುಂಗ್ ಕಾಯಿಲೆಯನ್ನು ಅನುಮಾನಿಸುತ್ತಾರೆ. ಕರುಳಿನ ಸ್ನಾಯು ಸರಿಯಿದೆ, ಒಳಗೋಡೆ ಸರಿಯಿದೆ. ಆದರೆ ಕತ್ತಿನ ಕಡೆಯಿಂದ ಹೊರಟು ಕರುಳಿನುದ್ದಕ್ಕೂ ಇಳಿಯಬೇಕಿದ್ದ ನ್ಯೂರಲ್ ಕ್ರೆಸ್ಟ್ ಕೋಶಗಳು ತುದಿ ಮುಟ್ಟಿಲ್ಲ. ನರಕೋಶಗಳಿಲ್ಲದ ಆ ಭಾಗ ಮಲವನ್ನು ಮುಂದೂಡದು. ಆ ಭಾಗವನ್ನು ಕತ್ತರಿಸಿ ತೆಗೆದು ಸರಿಯಿರುವ ಕರುಳನ್ನು ಕೆಳಕ್ಕೆಳೆದು ಹೊಲಿಯುವುದೇ ಚಿಕಿತ್ಸೆ. ಕೋಶಗಳು ಎಲ್ಲಿಂದ ಹೊರಟು ಎಲ್ಲಿಗೆ ಬರಬೇಕು ಎಂಬ ಭ್ರೂಣದ ಭೂಗೋಳ ಗೊತ್ತಿಲ್ಲದಿದ್ದರೆ ಕರುಳಿನ ತುದಿಯಲ್ಲೇ ಏಕೆ ತೊಂದರೆ ಎನ್ನುವುದು ಅರ್ಥವಾಗುತ್ತಿರಲಿಲ್ಲ.

ಅದೇ ವೈದ್ಯಕೀಯದಲ್ಲಿ ಪದರದ ಹೆಸರು ಅರ್ಧಸತ್ಯ ಹೇಳುವ ಕಡೆಯೂ ಇದೆ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ನಾಲ್ಕು ತಲೆಮಾರಿನ ಹತ್ತು ಗಂಡಸರ ಬಗ್ಗೆ ಚಾರ್ಲ್ಸ್ ಡಾರ್ವಿನ್ ಬರೆದಿದ್ದಾನೆ. ಅವರಿಗೆ ಹಲ್ಲು ಕೆಲವೇ ಕೆಲವು, ಮೈಮೇಲೆ ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಈ ತೊಂದರೆ ಕಾಣದಿದ್ದರೂ ಅವರ ಗಂಡುಮಕ್ಕಳಿಗೆ ಬರುತ್ತಿತ್ತು. ಇದನ್ನು ಇಂದು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಕೂದಲು, ಹಲ್ಲು, ಬೆವರುಗ್ರಂಥಿ ಮೂರನ್ನೂ ಒಂದು ಎಳೆಯಲ್ಲಿ ಪೋಣಿಸಿದ್ದಕ್ಕೆ ಪದರದ ಹೆಸರು ಉಪಯೋಗಕ್ಕೆ ಬಂತು. ಆದರೆ ಕೆಟ್ಟದ್ದು ಹೊರಪದರವಲ್ಲ. 1996ರಲ್ಲಿ ಸಿಕ್ಕ ಇಡಿಎ ಎಂಬ ಜೀನ್ ಒಂದು ಸಂದೇಶವಾಹಕ ಪ್ರೋಟೀನಿನದ್ದು. ಜರ್ಮನಿಯ ವೈದ್ಯರು ಆ ಪ್ರೋಟೀನನ್ನು ತಾಯಿಯ ಗರ್ಭದ ನೀರಿಗೇ ಸೇರಿಸಿ, ಹುಟ್ಟಿದ ಮಕ್ಕಳು ಬೆವರುವುದನ್ನು ತೋರಿಸಿ 2018ರಲ್ಲಿ ಪ್ರಕಟಿಸಿದರು. ಸಂದೇಶ ತಲುಪಿದೊಡನೆ ಅದೇ ಪದರ ತನ್ನ ಕೆಲಸ ಮಾಡಿತು. ಪದರದ ಜನ್ಮದೋಷ ಎಂದು ಕೈಚೆಲ್ಲಿ ಕುಳಿತಿದ್ದರೆ ಈ ಚಿಕಿತ್ಸೆ ಹೊಳೆಯುತ್ತಲೇ ಇರಲಿಲ್ಲ.

ಆದ್ದರಿಂದ ನಾನು ಕೇಳುತ್ತಿರುವುದು ಪಟ್ಟಿಯನ್ನು ಹರಿದುಹಾಕಿ ಎಂದಲ್ಲ, ಅದನ್ನು ಪ್ರಾಮಾಣಿಕವಾಗಿ ಕಲಿಸಿ ಎಂದು. ಎರಡು ಪದರ, ಮೂರು ಪದರ ಎಂದು ಬರೆಯುವ ಕಡೆ ಅದು ನೆಲೆಯ ಮಾತೋ, ಗತಿಯ ಮಾತೋ, ಜೀನ್‌ಗಳ ಮಾತೋ ಎಂದು ಒಂದು ಸಾಲು ಸೇರಿಸಬಹುದು. ಬಿಎಸ್ಸಿ ಪ್ರಾಯೋಗಿಕ ತರಗತಿಯಲ್ಲಿ 18 ಗಂಟೆ, 24 ಗಂಟೆ, 33 ಗಂಟೆಯ ಕೋಳಿಭ್ರೂಣದ ಗಾಜುಪಟ್ಟಿಗಳನ್ನು ತೋರಿಸಿ ಭಾಗಗಳಿಗೆ ಹೆಸರು ಬರೆಸುವುದರ ಜೊತೆಗೆ, ಈ ಕೋಶವನ್ನು ಪಕ್ಕದ ಪದರಕ್ಕೆ ಸರಿಸಿದರೆ ಏನಾಗುತ್ತದೆ ಎಂದು ಒಂದು ಪ್ರಶ್ನೆ ಕೇಳಬಹುದು. ಹೆಸರು ಬರೆಯಲು ನೆನಪು ಸಾಕು, ಈ ಪ್ರಶ್ನೆಗೆ ಪ್ರಯೋಗದ ಯೋಚನೆ ಬೇಕು.

ಇದು ಬರೀ ಪಾಠದ ಅಚ್ಚುಕಟ್ಟಿನ ಮಾತೂ ಅಲ್ಲ. ಪದರಗಳ ಲೆಕ್ಕ ಹಿಡಿದು ಪ್ರಾಣಿಗಳ ನಂಟನ್ನು ತೀರ್ಮಾನಿಸುತ್ತಿದ್ದ ಕಾಲದಲ್ಲಿ ಪದರವೇ ಉತ್ತರವಾಗಿತ್ತು. ಈಗ ನಂಟನ್ನು ಡಿಎನ್‌ಎ ಹೋಲಿಕೆಯಿಂದ ಸ್ವತಂತ್ರವಾಗಿ ಗುರುತಿಸುತ್ತೇವೆ. ಹಾಗೆ ಗುರುತಿಸಿದ ವಂಶವೃಕ್ಷದ ಮೇಲೆ ಪದರಗಳನ್ನು ಇಟ್ಟು ನೋಡಿದಾಗ ನಡುಪದರ ಒಮ್ಮೆ ಹುಟ್ಟಿತೋ ಹಲವು ಸಲ ಹುಟ್ಟಿತೋ, ಕರುಳಿನ ಜೀನ್‌ಗಳು ಯಾವ ಕವಲಿನಲ್ಲಿ ಯಾವ ಪದರಕ್ಕೆ ದಾಟಿದವು ಎಂದು ಕೇಳಲು ಮೊದಲ ಬಾರಿಗೆ ಸಾಧ್ಯವಾಗಿದೆ. ಪಾಂಡರನಿಂದ ಹೆಕೆಲ್‌ವರೆಗೆ ವಿವರಣೆಯಾಗಿದ್ದ ಪದರಕ್ಕೆ ಇಂದು ವಿವರಣೆ ಬೇಕಾಗಿದೆ. ಸಿದ್ಧಾಂತವೊಂದಕ್ಕೆ ಇದು ಅವಮಾನವಲ್ಲ, ಬಡ್ತಿ.